ಹದಿನಾರನೆಯ ಜಾಗ

ತೌನೋ ಒಳಗೆ ಕಾಲಿಟ್ಟದ್ದೇ ತಡ, ಆಯ್ಲಿ ಮುದುಕಿ ಬಿಸಿ ಮಾಂಸದ ಕಡುಬಿನ ತಟ್ಟೆಯನ್ನು ಅವನ ಮೂಗಿನ ಮುಂದಿನಿಂದ ಎಳೆದುಕೊಂಡಳು.

“ಬಾಸ್ಟನ್ನಿನವರು ಹೊಟ್ಟೆ ತುಂಬ ಹಾಕಿರಬೇಕಲ್ಲ, ನಿನಗೆ ಇದ್ಯಾಕೆ?”

ಅವಳ ಸಿಟ್ಟಿಗೆ ಸುಪೀರಿಯರ್ ಸರೋವರದ ಹಿಮ ಏಳು ಮೈಲಿ ಬಿರುಕು ಬಿಟ್ಟಿತೆಂದು ಊರವರು ಹೇಳುತ್ತಾರೆ. ಊರವರು ಯಾವಾಗಲೂ ಕಮ್ಮಿ ಹೇಳುವವರು.

ಕಾಲೇಜು ಐಸ್ ಹಾಕಿಯ ರಾಷ್ಟ್ರೀಯ ಪಂದ್ಯಾವಳಿಗೆ ಹದಿನಾರು ತಂಡ. ಕೊನೆಯ ಜಾಗಕ್ಕೆ ಊರ ಕಾಲೇಜೋ, ಪೂರ್ವದ ಬಾಸ್ಟನ್ನಿನ ಕಾಲೇಜೋ ಎಂಬಲ್ಲಿಗೆ ಬಂದು ನಿಂತಿತ್ತು. ಟಿವಿಯಲ್ಲಿ ಕೂಗಿದ್ದು ಬಾಸ್ಟನ್ನಿನ ಹೆಸರು. ಊರ ತಂಡದ ನಾಯಕ ಆಯ್ಲಿಯ ಮೊಮ್ಮಗ ಕಾರ್ಲೋ. ಅವನಿಗಿದು ಕಾಲೇಜಿನ ಕೊನೆಯ ವರ್ಷ, ಇನ್ನೊಂದು ಅವಕಾಶವಿಲ್ಲ.

ಪೂರ್ವದವರೆಂದರೆ ಆಯ್ಲಿಗೆ ಹಳೆಯ ಹಗೆ. ಹಿಂದೊಮ್ಮೆ ಅವಳು ಆಯ್ಕೆ ಸಮಿತಿಯ ಸಭೆಗೇ ನುಗ್ಗಿ ಅಬ್ಬರಿಸಿದಾಗ ಅಧ್ಯಕ್ಷರ ಹಲ್ಲಿನ ಸೆಟ್ಟು ಉದುರಿ, ಕೇಳಿದ್ದಕ್ಕೆಲ್ಲ ಹೂಂ ಅಂದು ಕಳಿಸಿದ್ದರು. ಈ ವರ್ಷವಂತೂ ಐವರ ಸಮಿತಿಯಲ್ಲಿ ಮನೆಯವನೇ ಕೂತಿದ್ದ: ಊರ ಕಾಲೇಜಿನ ಕ್ರೀಡಾ ಮುಖ್ಯಸ್ಥ, ಅವಳ ತಮ್ಮನ ಮಗ ತೌನೋ.

“ನಮ್ಮ ಕಡೆಯವರು ಮೂವರು, ಅವರ ಕಡೆಯವರು ಇಬ್ಬರು. ಸೋತದ್ದು ಹೆಂಗೋ? ಯಾವನೋ ಒಬ್ಬ ಕೈ ಎತ್ತಿಲ್ಲ. ಯಾರವನು?”

“ನಾನೇ, ಅತ್ತೆ.”

ಒಲೆಯ ಮೇಲಿನ ಕಾಫಿ ಕುದಿಯುವುದನ್ನೇ ಮರೆಯಿತು.

“ಮನೆಹಾಳ! ಕಾರ್ಲೋಗೆ ಮೊದಲು ಸ್ಕೇಟು ಕಟ್ಟಿದ ಕೈಯಲ್ವೇನೋ ಅದು? ಎಷ್ಟಕ್ಕೆ ಮಾರ್ಕೊಂಡೆ?”

“ನಮ್ಮ ಹೆಸರು ಬರ್ತಿದ್ದ ಹಾಗೇ ನನ್ನನ್ನ ಹೊರಗೆ ಕಳಿಸಿದ್ರು. ಒಳಗೆ ಎರಡಕ್ಕೆ ಎರಡು ಆಯ್ತು. ಸಮ ಬಂದ್ರೆ ಅಧ್ಯಕ್ಷನ ಮಾತೇ ಕೊನೆ. ಅವನು ಪೂರ್ವದವನು, ಬಾಸ್ಟನ್ ಅಂದುಬಿಟ್ಟ.”

“ಕಳಿಸಿದ್ರೆ ಕುರಿ ಹಂಗೆ ಹೋಗೋದಾ? ಬಾಗಿಲು ಒದೆಯೋಕೆ ಕಾಲಿರಲಿಲ್ವಾ?”

“ನಿಯಮ ಅತ್ತೆ. ತನ್ನ ಕಾಲೇಜಿನ ಮಾತು ಬಂದಾಗ ಸದಸ್ಯ ಎದ್ದು ಹೋಗಲೇಬೇಕು.”

“ಯಾವ ಮುಠ್ಠಾಳ ಮಾಡಿಸಿದ್ದು ಅಂಥ ನಿಯಮಾನ? ಹೆಸರು ಹೇಳು, ಈಗಲೇ ಹೋಗಿ ಅವನ ಗಡ್ಡ ಕಿತ್ತು ಬರ್ತೀನಿ!”

ತೌನೋ ತಲೆ ಎತ್ತಲಿಲ್ಲ.

“‘ಬಾಸ್ಟನ್ನಿನವನು ತನ್ನ ಕಾಲೇಜಿಗೆ ತಾನೇ ಕೈ ಎತ್ತುತ್ತಾನೆ, ಎಬ್ಬಿಸಿ ಹೊರಗೆ ಹಾಕಿ’ ಅಂತ ಅವತ್ತು ಸಭೆಯಲ್ಲಿ ಕೂಗಿದಿರಲ್ಲ ಅತ್ತೆ, ಅದನ್ನೇ ಎಲ್ಲರಿಗೂ ನಿಯಮ ಮಾಡಿದ್ದಾರೆ.”