ಟಿವಿ ನೋಡುವ ಡ್ಯೂಟಿ

ಟಿವಿ ನೋಡುವ ಡ್ಯೂಟಿ ಬಿಲ್ ಕೌಂಟರಿನ ಅಕ್ಕನಿಗೆ ಹೋಯಿತು. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಮೋಟರಿನವನಿಗೆ ಸಿಕ್ಕಿದ್ದು ನೀರು ಸರಬರಾಜು ಕಚೇರಿಯ ನೆಲಮಾಳಿಗೆ, ಅಲ್ಲೊಂದು ಇಂಟರ್‌ಕಾಮ್ ಫೋನು, ಎರಡನೇ ಮೋಟರಿನ ಸ್ವಿಚ್ಚು.

"ಸಾರ್, ಇವತ್ತು ಫೈನಲ್ಲು! ಅಕ್ಕನಿಗೆ ಗೋಲ್ ಅಂದ್ರೇನು ಅಂತಾನೂ ಗೊತ್ತಿಲ್ಲ."

"ಅದಕ್ಕೇ ಅವರನ್ನ ಹಾಕಿರೋದು," ಎಂದರು ಇಂಜಿನಿಯರ್. "ಎಲ್ಲಾ ಗೊತ್ತಿರೋ ನೀನು ಸೆಮಿಫೈನಲ್ ದಿನ ಏನು ಮಾಡ್ದೆ?"

ಮಾಡಿದ್ದು ಊರಿಗೆಲ್ಲ ಗೊತ್ತಿತ್ತು. ವಿರಾಮದ ಸೀಟಿ ಬಿದ್ದದ್ದೇ ತಡ, ಊರಿಗೆ ಊರೇ ಎದ್ದು ಬಚ್ಚಲಿಗೂ ಅಡುಗೆಮನೆಗೂ ನುಗ್ಗುತ್ತದೆ. ಅದಕ್ಕೆ ತುಸು ಮುಂಚೆ ಎರಡನೇ ಮೋಟರು ಹಾಕಬೇಕು. ತೀರಾ ಬೇಗ ಹಾಕಿದರೆ ಹಳೇ ಪೈಪು ಬಾಯಿ ಬಿಡುತ್ತದೆ; ತಡವಾದರೆ ಗುಡ್ಡದ ಮೇಲಿನ ಮನೆಗಳ ನಲ್ಲಿಗಳು ಬರೀ ಗಾಳಿ ಉಗುಳುತ್ತವೆ. ಅವತ್ತು ಮೋಟರಿನವನು ಟಿವಿ ಮುಂದೆ ಮೈಮರೆತಿದ್ದ. ಗುಡ್ಡದ ಮೇಲೆಯೇ ಮನೆ ಇದ್ದ ಇಂಜಿನಿಯರ್ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತವರು ನಿಂತೇ ಇದ್ದರು.

"ಇವತ್ತೇನಾದ್ರೂ ನೀರು ನಿಂತ್ರೆ ನಾಳೆಯಿಂದ ನಿಂಗೆ ಚರಂಡಿ ವಿಭಾಗ," ಎಂದು ಅವನ ಮೊಬೈಲನ್ನು ತಮ್ಮ ಜೇಬಿಗಿಳಿಸಿ, ಇಂಜಿನಿಯರ್ ಮೇಲ್ವಿಚಾರಣೆ ನಡೆಸಲು ಮನೆಯ ಸೋಫಾದತ್ತ ಹೊರಟರು.

ಆಟ ಶುರುವಾಯಿತು. ಮೇಲೆ ಟಿವಿ ಮುಂದೆ ಅಕ್ಕ, ಕೆಳಗೆ ಫೋನನ್ನು ಕಿವಿಗೆ ಅಂಟಿಸಿಕೊಂಡ ಮೋಟರಿನವನು.

"ಅಕ್ಕಾ, ಬಾಲ್ ಎಲ್ಲಿದೆ?"

"ಹುಲ್ಲಿನ ಮೇಲಿದೆ ಕಣಪ್ಪ."

"ನಮ್ಮೋರು ಏನ್ಮಾಡ್ತಿದಾರೆ?"

"ಓಡ್ತಿದಾರೆ. ಪಾಪ, ಒಬ್ಬ ಬಿದ್ದು ಹೊರಳಾಡ್ತಿದಾನೆ... ಅಯ್ಯೋ, ಎದ್ದೇಬಿಟ್ಟ! ಬರೀ ನಾಟಕ. ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನನ್ನ ತಮ್ಮನೂ ಹೀಗೇ ಮಾಡ್ತಿದ್ದ."

ಮೋಟರಿನವನು ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡ. ಆದರೆ ವಿರಾಮ ಹತ್ತಿರವಾದಾಗ ಅಕ್ಕ ಸರಿಯಾದ ಹೊತ್ತಿಗೆ "ಹಾಕಪ್ಪ" ಎಂದರು, ಅವನು ಹಾಕಿದ, ಗುಡ್ಡಕ್ಕೆ ನೀರು ಸರಾಗವಾಗಿ ಏರಿತು; ವಿರಾಮ ಮುಗಿದ ಮೇಲೆ ಆರಿಸಿದ. ಇಂಜಿನಿಯರ್ ಲೆಕ್ಕಾಚಾರ ಪಕ್ಕಾ ಆಗಿತ್ತು.

ಎರಡನೇ ಅರ್ಧದಲ್ಲಿ ಅಕ್ಕನ ದನಿಯೇ ಬೇರೆಯಾಯಿತು. "ಆ ಗುಂಗುರು ಕೂದಲಿನ ಹುಡುಗನಿಗೆ ಯಾಕೆ ಯಾರೂ ಬಾಲ್ ಕೊಡ್ತಿಲ್ಲ? ಆಗಿಂದ ಕೈ ಎತ್ತಿ ಕೇಳ್ತಿದಾನೆ!" ಆಮೇಲೆ ಮೇಜು ಗುದ್ದಿದ ಸದ್ದು. "ಕೊಡ್ರೋ ಅವನಿಗೆ, ದಡ್ಡ ಮುಂಡೇವಾ!" ಆಟದ ಅವಧಿ ಮುಗಿದರೂ ಇಬ್ಬರದೂ ಒಂದೊಂದೇ ಗೋಲು. ಹೆಚ್ಚಿನ ಸಮಯದಲ್ಲೂ ಇತ್ಯರ್ಥವಾಗಲಿಲ್ಲ. ಊರಿನಲ್ಲಿ ಒಬ್ಬರೂ ಕೂತಲ್ಲಿಂದ ಏಳಲಿಲ್ಲವೋ ಏನೋ, ಪೈಪಿನ ಮೇಲಿನ ಪ್ರೆಷರ್ ಮುಳ್ಳು ಅಲುಗಲೇ ಇಲ್ಲ.

"ಈಗ ಒಬ್ಬೊಬ್ಬರೇ ಹೋಗಿ ಒದೀತಾರಂತೆ," ಎಂದರು ಅಕ್ಕ, ಏದುಸಿರು ಬಿಡುತ್ತಾ.

"ಪೆನಾಲ್ಟಿ! ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೂ ಬಿಡದೆ ಹೇಳಿ."

ಹೇಳಿದರು. ಒಬ್ಬ ಹೊಡೆದ, ಒಬ್ಬ ತಪ್ಪಿಸಿದ, ಇನ್ನೊಬ್ಬ ಆಕಾಶಕ್ಕೆ ಒದ್ದ. ಕೊನೆಗೆ ಎಲ್ಲ ಸಮಸಮ ಬಂದು ನಿಂತು, ಕೊನೆಯ ಒಂದೇ ಒದೆತ ಉಳಿಯಿತು. "ನಮ್ಮ ಗುಂಗುರು ಕೂದಲಿನವನೇ ಬರ್ತಿದಾನೆ. ಬಾಲಿಗೆ ಮುತ್ತು ಕೊಟ್ಟ. ಹಿಂದೆ ಹಿಂದೆ ಹೋಗ್ತಿದಾನೆ..."

ಆಮೇಲೆ ಮಾತೇ ಇಲ್ಲ.

"ಅಕ್ಕಾ? ಅಕ್ಕಾ, ಮೋಟರು ಹಾಕ್ಲಾ?"

ಉಸಿರೂ ಕೇಳಿಸಲಿಲ್ಲ. ಮೋಟರಿನವನು ಫೋನು ಕೈಬಿಟ್ಟು ಮೆಟ್ಟಿಲಿಗೆ ಹಾರಿದ. ಮೇಲಕ್ಕೆ ಓಡಿದರೆ ಆ ಒದೆತ ಕಣ್ಣಾರೆ ನೋಡಲು ಸಿಗುತ್ತಿತ್ತು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವನು ಅಲ್ಲೇ ನಿಂತ. ಚಿಲ್ಲರೆ ಎಣಿಸುವಾಗಲೂ ಬಾಯಿ ಮುಚ್ಚದ ಅಕ್ಕ ಮಾತು ಮರೆತಿದ್ದಾರೆಂದರೆ, ಇಡೀ ಊರು ಹೀಗೇ ಕಲ್ಲಾಗಿ ಕೂತಿದೆ. ಆ ಹುಡುಗ ಓಡಿ ಬಂದು ಒದೆಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಇದು ಆಟದ ಹುಚ್ಚು ಹಿಡಿದವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ಹಿಂದಿರುಗಿ ಸ್ವಿಚ್ಚು ಒತ್ತಿದ. ಮೋಟರು ಗುಡುಗಿತು. ಮುಳ್ಳು ಏರಿತು, ಏರಿತು, ಕೆಂಪು ಗೆರೆಯ ಅಂಚಿಗೆ ಬಂದು ನಡುಗಿತು, ಪೈಪಿನ ಕೀಲೊಂದು ಕಿರುಗುಟ್ಟಿತು. ಇನ್ನೇನು ಸ್ವಿಚ್ಚಿಗೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಮುಳ್ಳು ಸರ್ರನೆ ಇಳಿದು ನಡುವೆ ನಿಂತಿತು.

ಫೋನು ಎತ್ತಿಕೊಂಡರೆ ಅಕ್ಕ ಕಿರುಚುತ್ತಿದ್ದರು. "ಅಯ್ಯೋ ರಾಮಾ, ನಿಂಗೆ ಹೇಳೋದೇ ಮರೆತೋಯ್ತಲ್ಲಪ್ಪ!"

"ಹಾಕಾಯ್ತು ಅಕ್ಕಾ! ಗೆದ್ದೋರ್ಯಾರು?"

"ಇರು ಇರು, ಅದನ್ನೇ ಇನ್ನೊಂದ್ಸಲ ತೋರಿಸ್ತಿದಾರೆ, ನೋಡ್ಕೊಂಡು ಹೇಳ್ತೀನಿ!"

ಮೋಟರಿನವನು ಪೈಪಿನ ಮೇಲೆ ಕೈಯಿಟ್ಟು ಕಾದ. ಊರಿಗೆಲ್ಲ ಗೊತ್ತಾಗಿದ್ದ ಸುದ್ದಿ ಅವನ ಅಂಗೈಯ ಕೆಳಗೇ, ತಣ್ಣಗೆ, ಭೋರ್ಗರೆಯುತ್ತ ಗುಡ್ಡ ಹತ್ತುತ್ತಿತ್ತು.