ಬಾಗಿಲ ಮುಂದಿನ ನವಿಲು

ರಂಗೋಲಿಯಿಲ್ಲದ ಬಾಗಿಲನ್ನೇ ಕಳ್ಳರು ಹುಡುಕುತ್ತಾರೆಂದು ಅಂಬುಜಮ್ಮ ಬಲ್ಲಳು. ಹಾಗಾಗಿ ಮನೆಮಂದಿಯೆಲ್ಲ ಕಾಶಿಗೆ ಹೊರಡುವ ಹಿಂದಿನ ದಿನ ಎದುರುಮನೆಯ ಪಂಕಜಳಿಗೆ, "ದಿನಾ ಬೆಳಿಗ್ಗೆ ನಮ್ಮನೆ ಮುಂದೂ ಒಂದೆರಡೆಳೆ ಎಳೆದುಬಿಡು, ಒಳಗೆ ಜನ ಇದಾರೆ ಅನ್ನೋ ಹಾಗಿರ್ಲಿ" ಎಂದು ಹತ್ತು ಸಲ ಹೇಳಿದ್ದಳು.

ಹದಿನೈದು ದಿನದ ಮೇಲೆ ಬಂದಿಳಿದರೆ ಬಾಗಿಲ ಮುಂದೆ ಆಗಷ್ಟೇ ಬಿಡಿಸಿದ ನವಿಲು. ಅಂಬುಜಮ್ಮನ ಕಣ್ಣು ತುಂಬಿ ಬಂತು. ಗಂಗೆಯ ಗಿಂಡಿ ಹಿಡಿದು ಮೊದಲು ಎದುರುಮನೆಗೇ ಹೋದಳು.

"ಇಷ್ಟು ಚೆನ್ನಾಗಿ ಹಾಕ್ತೀಯ ಅಂತ ಗೊತ್ತೇ ಇರ್ಲಿಲ್ಲ ಕಣೆ."

ಪಂಕಜ ಮಂಚದಿಂದ ಏಳಲಿಲ್ಲ. "ನೀವು ಹೇಳಿದ ಸಂಜೆನೇ ಬಿದ್ದು ಸೊಂಟ ಮುರ್ಕೊಂಡೆ ಅಂಬುಜಕ್ಕ. ದಿನಾ ಕಿಟಕೀಲಿ ನಿಮ್ಮನೆ ರಂಗೋಲಿ ನೋಡಿ, ನೀವು ಕಾಶಿಗೆ ಹೋಗೇ ಇಲ್ಲ ಅನ್ಕೊಂಡಿದ್ದೆ."

ಅಂಬುಜಮ್ಮ ಓಡಿ ಬಂದು ಬಾಗಿಲು ತೆಗೆದಳು. ಒಳಗೆ ಉಳಿದಿದ್ದದ್ದು ರಂಗೋಲಿ ಡಬ್ಬಿಯೊಂದೇ, ಅದೂ ಖಾಲಿ.