ಹನ್ನೆರಡರಿಂದ ಸೊನ್ನೆಗೆ

ವಿದ್ಯಾಶ್ರೀ ಬಾಟಲಿಯ ಚೀಟಿಯ ಮೇಲೆ ‘ಹನ್ನೆರಡು’ ಎಂದು ಬರೆದಳು. ಹಸಿ ಸುಳ್ಳು. ಒಳಗೆ ನಿಕೋಟಿನ್ ಒಂದು ಹನಿಯೂ ಇರಲಿಲ್ಲ.

ಗಂಡ ದುರ್ಗೇಶ ಇ-ಸಿಗರೇಟು ಸೇದುವವನು. ಅದಕ್ಕೆ ಹಾಕುವ ದ್ರವವನ್ನು ಎಂಟು ತಿಂಗಳಿಂದ ಅವಳೇ ಮನೆಯಲ್ಲಿ ಬೆರೆಸಿಕೊಡುತ್ತಿದ್ದಳು. ಗ್ಲಿಸರಿನ್ ಎಪ್ಪತ್ತು ಪಾಲು, ಗ್ಲೈಕಾಲ್ ಮೂವತ್ತು, ಪರಿಮಳಕ್ಕೆ ನಾಲ್ಕು ಹನಿ ಏಲಕ್ಕಿ ಎಸೆನ್ಸು. ನಿಕೋಟಿನ್ ಮಾತ್ರ ಅವನು ಹೇಳಿದ್ದು ಎಂಎಲ್‌ಗೆ ಹನ್ನೆರಡು ಮಿಲಿಗ್ರಾಂ, ಅವಳು ಹಾಕಿದ್ದು ಹನ್ನೊಂದು. ಆಮೇಲೆ ಹತ್ತು, ಒಂಬತ್ತು. ಹೀಗೆ ಅವನ ಕಣ್ಣಿಗೆ ಮಣ್ಣೆರಚುತ್ತ ಇಳಿಸಿ ಇಳಿಸಿ, ಇವತ್ತು ಸೊನ್ನೆಗೆ ಬಂದಿದ್ದಳು.

ಅವನಿಗೆ ಗೊತ್ತಾದರೆ ಮುಗಿಯಿತು. ಹೊರಗೆ ಎಲ್ಲಿಂದಲೋ ತಂದು ಸೇದುತ್ತಾನೆ. ಮಿತ್ರಾಳ ಆಸೆ ಆಸೆಯಾಗಿಯೇ ಉಳಿಯುತ್ತದೆ.

ಮಿತ್ರಾ ಎಂದರೆ ಮಗಳು ಸಂಘಮಿತ್ರಾ, ಒಂಬತ್ತು ವರ್ಷದವಳು. ಅಪ್ಪ ಹೊಗೆ ಬಿಟ್ಟಾಗಲೆಲ್ಲ ಮೂಗು ಮುಚ್ಚಿಕೊಂಡು, “ಬಿಡ್ತೇನಂತ ಆಣಿ ಮಾಡಪ್ಪ” ಎಂದು ಬೆನ್ನು ಬೀಳುತ್ತಿದ್ದಳು. ನಾಳೆ ನಾಳೆ ಎಂದು ಅವನು ನಗುತ್ತಿದ್ದ. ಹೋದ ಮಳೆಗಾಲ ಡೆಂಗಿ ಜ್ವರ ಬಂತು; ನಾಲ್ಕೇ ದಿನ, ಮಗು ಉಳಿಯಲಿಲ್ಲ.

ವಿದ್ಯಾಶ್ರೀ ಹಾಸಿಗೆ ಹಿಡಿದಳು. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳಿಗೆ ವಾರ ಯಾವುದು, ತಾರೀಕು ಯಾವುದು ಎಂಬುದೇ ತಿಳಿಯದಾಯಿತು. ತಲೆ ಬಾಚಿಕೊಳ್ಳಲೂ ಏಳಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ದುರ್ಗೇಶ ಹುಬ್ಬಳ್ಳಿಯಿಂದ ಬಾಟಲಿ, ಸಿರಿಂಜುಗಳ ಚೀಲ ತಂದು ಅವಳ ಮಂಚದ ಮೇಲೇ ಹರವಿದ. ಸರ್ಕಾರ ನಿಷೇಧಿಸಿದ ಸಾಮಾನು, ತಯಾರು ಬಾಟಲಿ ಇನ್ನು ಸಿಗುವುದಿಲ್ಲವಂತೆ. ಮನೆಯಲ್ಲೇ ಮಾಡಬೇಕಂತೆ. ಪ್ರಮಾಣದ ಲೆಕ್ಕ ತಲೆಗೆ ಹತ್ತುತ್ತಿಲ್ಲವಂತೆ. ಹಾವೇರಿ ಬಸ್ಸಿನ ಕಂಡಕ್ಟರ್ ಆತ. ಟಿಕೆಟ್ ಮಷಿನು ಕೆಟ್ಟ ದಿನ ಅರವತ್ತು ಜನರ ಲೆಕ್ಕವನ್ನು ಬಾಯಲ್ಲೇ ಹೇಳುವವನು.

“ನೀ ಮಾಡದಿದ್ರ ಬಿಡು,” ಎಂದ. “ನಾನ ಅಂದಾಜಿಗೆ ಸುರುವಿಕೊಂತೇನಿ.”

ನಿಕೋಟಿನ್ ಹೆಚ್ಚಾದರೆ ಜೀವಕ್ಕೇ ಕುತ್ತು. ಮಗಳು ಹೋಗಿ ಇನ್ನೂ ಮೂರೇ ತಿಂಗಳು, ಇವನಿಗೆ ಚಟ ನೆನಪಾಯಿತೇ ಎಂದು ಅವಳ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಎದ್ದು ಕುಳಿತು ಪೆನ್ಸಿಲ್ ಕೇಳಿದಳು. ಗಂಡನನ್ನು ಅವಳು ಅಷ್ಟು ದ್ವೇಷಿಸಿದ್ದು ಅದೇ ಮೊದಲು.

ಅಲ್ಲಿಂದ ಭಾನುವಾರಕ್ಕೊಂದು ತಕರಾರು. ಗಂಟಲು ಕೆರೆಯುತ್ತದೆ, ಗ್ಲಿಸರಿನ್ ಹೆಚ್ಚಿಸು. ಆವಿ ದಪ್ಪವಾಯಿತು, ಇಳಿಸು. ಹಾನಗಲ್ಲಿನ ತಂಗಿಯ ಮನೆಗೆ ಹೋಗಬೇಕು, ಈ ಸಲ ಇಪ್ಪತ್ತು ಎಂಎಲ್ ಸಾಲದು, ಮೂವತ್ತೈದು ಮಾಡು. ಪ್ರತಿ ಸಲವೂ ಮೊದಲಿನಿಂದ ಲೆಕ್ಕ. ಬೈಯುತ್ತಲೇ ಅವಳು ಪುಟ ತುಂಬಿಸಿದಳು. ನೋಟ್‌ಬುಕ್ಕಿಗೆ ಕುಳಿತವಳು ಊಟಕ್ಕೂ ಕುಳಿತಳು. ಜೂನಿನಲ್ಲಿ ಶಾಲೆಗೂ ಹೋದಳು. ಅಷ್ಟರಲ್ಲಿ ಅವನ ಕೆಮ್ಮು ನಿಂತಿತ್ತು. ಎಲ್ಲ ತನ್ನ ಕೈಚಳಕ ಎಂದು ಒಳಗೊಳಗೇ ಹಿಗ್ಗಿದಳು. ಮನೆಯೊಳಗೆ ವಾಸನೆ ಬೇಡವೆಂದು ಅವನು ಹಿತ್ತಲಲ್ಲೇ ಸೇದುತ್ತಿದ್ದ. ಶನಿವಾರಕ್ಕೆ ಸರಿಯಾಗಿ ಬಾಟಲಿ ಖಾಲಿ. ಹಿತ್ತಲ ಮೋರಿಗೆ ಇರುವೆ ಮುತ್ತುವುದಕ್ಕೆ ಮಾತ್ರ ಎಷ್ಟು ಪುಡಿ ಹಾಕಿದರೂ ಪರಿಹಾರವಾಗಿರಲಿಲ್ಲ.

ಸೊನ್ನೆಯ ಬಾಟಲಿ ಹಿಡಿದು ದುರ್ಗೇಶ ಹಿತ್ತಲಿಗೆ ಹೋದಾಗ ಅವಳು ಗಡಿಯಾರ ನೋಡುತ್ತ ಕುಳಿತಳು. ಹತ್ತು ನಿಮಿಷಕ್ಕೆ ಮರಳಿ ಬಂದ.

“ಭಾಳ ಚಲೋ ಆಗೇತಿ. ಮುಂದಿನ ವಾರ ಲವಂಗ ಹಾಕೂಣು, ಲೆಕ್ಕ ತಗಿ.”

ಗೆದ್ದಿದ್ದಳು. ಮಗಳ ಫೋಟೋದ ಮುಂದೆ ನಿಂತು, ನಿನ್ನಪ್ಪ ಬಿಟ್ಟ ನೋಡವ್ವ ಎಂದು ಅತ್ತಳು.

ಶನಿವಾರ ನಿಜ ಹೇಳಿಬಿಡೋಣವೆಂದು ನೋಟ್‌ಬುಕ್ ಹಿಡಿದು ಹಿತ್ತಲಿಗೆ ಹೋದಳು. ದುರ್ಗೇಶ ಮೋರಿಯ ಬಳಿ ಕುಕ್ಕರುಗಾಲಲ್ಲಿ ಕುಳಿತು, ಮುಚ್ಚಳ ತೆಗೆದ ಬಾಟಲಿಯನ್ನು ಬಗ್ಗಿಸಿ ಪೂರ್ತಿ ಸುರಿಯುತ್ತಿದ್ದ. ಸೇದುವ ಕೊಳವೆ ಎಲ್ಲಿ ಎಂದು ಕೇಳಿದಳು.

“ಮಿತ್ರಾನ್ನ ಮಣ್ಣು ಮಾಡಿದ ದಿನಾನ ಕೆರಿಗೆ ಒಗದೇನಿ,” ಎಂದ ದುರ್ಗೇಶ, ತಲೆ ಎತ್ತದೆ. “ನೀ ಲೆಕ್ಕಕ್ಕಾದ್ರೂ ಹಾಸಿಗಿ ಬಿಟ್ಟು ಏಳ್ತಿಯೇನೋ ಅಂತ ನೋಡಿದ್ನಿ.”